ಬಣ್ಣವೂ ಗುಟ್ಟು ಕಾಯುತ್ತದೆ: ಜಾದೂ ಪೆಟ್ಟಿಗೆ ಮನೆಯಲ್ಲೇ ಕಟ್ಟುವವರಿಗೆ ಯಶಸ್ಸಿನ ಸೂತ್ರಗಳು

1865ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಈಜಿಪ್ಷಿಯನ್ ಹಾಲ್‌ನಲ್ಲಿ ಕರ್ನಲ್ ಸ್ಟೊಡೇರ್ ಎಂಬ ಜಾದೂಗಾರ ಮೂರು ಕಾಲಿನ ಮೇಜಿನ ಮೇಲೆ ಪುಟ್ಟ ಪೆಟ್ಟಿಗೆಯೊಂದನ್ನು ಇಟ್ಟ. ಮುಚ್ಚಳ ತೆರೆದರೆ ಒಳಗೊಂದು ತಲೆ. ಅದು ಕಣ್ಣು ಬಿಟ್ಟಿತು, ಮಾತಾಡಿತು. ಮೇಜಿನ ಕೆಳಗೆ ನೋಡಿದರೆ ಏನೂ ಇಲ್ಲ, ಹಿಂದಿನ ಪರದೆ ನೇರ ಕಾಣುತ್ತಿತ್ತು. ಥಾಮಸ್ ಟೋಬಿನ್ ರೂಪಿಸಿದ ಈ ‘ಸ್ಫಿಂಕ್ಸ್’ ಆಟದ ಗುಟ್ಟು ಇವತ್ತು ಬಹಳ ಜನರಿಗೆ ಗೊತ್ತು: ಮೇಜಿನ ಕಾಲುಗಳ ನಡುವೆ ಓರೆಯಾಗಿ ಕೂರಿಸಿದ ಕನ್ನಡಿಗಳು. ಆದರೆ ಆ ಕನ್ನಡಿಗಳಲ್ಲಿ ಕಾಣುತ್ತಿದ್ದದ್ದು ಪಕ್ಕದ ಪರದೆ. ಅದನ್ನೇ ಹಿಂದಿನ ಪರದೆ ಎಂದು ಜನ ನಂಬಬೇಕಾದರೆ ಮೂರೂ ಕಡೆಯ ಬಟ್ಟೆ, ಬಣ್ಣ, ನೆರಿಗೆ ಒಂದೇ ಥರ ಇರಲೇಬೇಕು. ಬಟ್ಟೆ ಹೊಂದದಿದ್ದರೆ ಕನ್ನಡಿ ಎಷ್ಟು ಚೆನ್ನಾಗಿದ್ದರೂ ದಂಡ.

ಮನೆಯಲ್ಲಿ ಜಾದೂ ಸಲಕರಣೆ ಮಾಡಿಕೊಳ್ಳುವ ಹೊಸಬರು ಒಳಗಿನ ತಂತ್ರಕ್ಕೆ ತಿಂಗಳುಗಟ್ಟಲೆ ತಲೆ ಓಡಿಸುತ್ತಾರೆ, ಬಣ್ಣವನ್ನು ಪ್ರದರ್ಶನದ ಹಿಂದಿನ ರಾತ್ರಿಗೆ ಬಿಡುತ್ತಾರೆ. ಬಣ್ಣವೂ ಕೀಲಿನಷ್ಟೇ, ಕನ್ನಡಿಯಷ್ಟೇ ದುಡಿಯುವ ಭಾಗ ಎಂಬುದನ್ನು ಒಪ್ಪಿಕೊಂಡು ಕೆಲಸಕ್ಕೆ ಇಳಿದರೆ ಕೆಳಗಿನ ಸೂತ್ರಗಳೆಲ್ಲ ಸಲೀಸಾಗಿ ಅರ್ಥವಾಗುತ್ತವೆ.

1. ಕೂರುವ ಜಾಗ ನೋಡದೆ ಗರಗಸ ಹಿಡಿಯಬೇಡಿ

ಶಾಲೆಯ ಸಭಾಂಗಣದಲ್ಲಿ ವೇದಿಕೆ ಎತ್ತರ, ಮಕ್ಕಳು ನೆಲದ ಮೇಲೆ. ಅವರ ಕಣ್ಣು ನಿಮ್ಮ ಮೇಜಿನ ಹಲಗೆಯ ಅಡಿಯನ್ನೇ ನೋಡುತ್ತಿರುತ್ತದೆ. ಬಾಲ್ಕನಿ ಇರುವ ರಂಗಮಂದಿರದಲ್ಲಿ ಲೆಕ್ಕ ತಲೆಕೆಳಗು. ಮೇಲಿನವರಿಗೆ ಪೆಟ್ಟಿಗೆಯ ಬಾಯೊಳಗೆ ಕಾಣುತ್ತದೆ. ಗಣೇಶೋತ್ಸವದ ಪೆಂಡಾಲಿನಲ್ಲಂತೂ ಜನ ಎಡಬಲಕ್ಕೆ ಮಾತ್ರ ನಿಲ್ಲುವುದಿಲ್ಲ, ವೇದಿಕೆಯ ಬೆನ್ನ ಹಿಂದಿನ ಕಂಬದ ಹತ್ತಿರವೂ ನಿಂತಿರುತ್ತಾರೆ. ಒಂದೇ ಪೆಟ್ಟಿಗೆ ಈ ಮೂರು ಕಡೆಗೂ ಒಗ್ಗುವುದು ಅಪರೂಪ.

ಸುಲಭದ ಉಪಾಯ ಸುತಳಿ. ಮೇಜು ಇಡುವ ಜಾಗದಲ್ಲಿ, ಗುಟ್ಟು ಅಡಗಿರುವ ಎತ್ತರಕ್ಕೆ ಸುತಳಿಯ ಒಂದು ತುದಿ ಕಟ್ಟಿ. ಇನ್ನೊಂದು ತುದಿಯನ್ನು ಎಡದ ಕೊನೆಯ ಕುರ್ಚಿಗೆ, ಆಮೇಲೆ ಬಲದ ಕೊನೆಯ ಕುರ್ಚಿಗೆ, ಕೊನೆಗೆ ಅತಿ ಹತ್ತಿರದ ಕುರ್ಚಿಗೆ ಎಳೆದು ಅಲ್ಲಿ ಕುಳಿತ ಮಗುವಿನ ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ಸುತಳಿಗೆ ಏನು ಅಡ್ಡ ಬರುತ್ತದೋ ಅದೇ ನಿಮ್ಮ ಮರೆ. ಏನೂ ಅಡ್ಡ ಬರದಿದ್ದರೆ ಆ ಕುರ್ಚಿಯವನಿಗೆ ಗುಟ್ಟು ಕಾಣುತ್ತದೆ ಎಂದೇ ಲೆಕ್ಕ.

2. ಮೊದಲ ಪ್ರತಿ ರಟ್ಟಿನದೇ ಇರಲಿ

ಫ್ರಿಜ್ಜು, ಟಿವಿ ಬಂದ ರಟ್ಟಿನ ಡಬ್ಬಿ ಎತ್ತಿಟ್ಟುಕೊಳ್ಳಿ. ಪೂರ್ಣ ಅಳತೆಯಲ್ಲಿ ರಟ್ಟಿನ ಪೆಟ್ಟಿಗೆ ಮಾಡಿ, ಅಂಟುಪಟ್ಟಿಯಲ್ಲಿ ಜೋಡಿಸಿ, ಒಂದು ವಾರ ಅದರಲ್ಲೇ ಅಭ್ಯಾಸ ಮಾಡಿ. ಕೈ ಒಳಗೆ ಹೋಗಲು ಎಷ್ಟು ಜಾಗ ಬೇಕು, ಬಾಗಿಲು ಎಡಕ್ಕೆ ತೆರೆಯಬೇಕೋ ಬಲಕ್ಕೋ ಎಂಬುದು ಕಾಗದದ ನಕ್ಷೆಯಲ್ಲಿ ತಿಳಿಯುವುದಿಲ್ಲ. ಪ್ಲೈವುಡ್ ಕುಯ್ದ ಮೇಲೆ ತಿಳಿದರೆ ದುಡ್ಡು ಹೋಯಿತು.

3. ಮೊದಲ ಪೆಟ್ಟಿಗೆಯಾಗಿ ‘ಚೌಕ-ವೃತ್ತ’ ಮಾಡಿ

ಇಂಗ್ಲೆಂಡಿನ ಲೂಯಿ ಹಿಸ್ಟೆಡ್ ಹೆಸರಿನೊಂದಿಗೆ ತಳುಕು ಹಾಕಿಕೊಂಡಿರುವ ಈ ಆಟ ಹೊಸಬರ ಪುಸ್ತಕಗಳಲ್ಲಿ ದಶಕಗಳಿಂದ ಇದೆ, ಹಾಗಾಗಿ ಇಲ್ಲಿ ಬಿಡಿಸಿ ಹೇಳಲು ಅಡ್ಡಿಯಿಲ್ಲ. ಅಲಂಕಾರವೇ ತಂತ್ರವಾಗುವುದು ಹೇಗೆ ಎಂದು ಕೈಯಾರೆ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ನೋಡುವವರಿಗೆ ಕಾಣುವುದು ಎರಡೇ ವಸ್ತು: ಜಾಲಂದ್ರದ ಕಿಟಕಿಯಿರುವ, ಮೇಲೆ ಕೆಳಗೆ ತೆರೆದ ಚೌಕದ ಪೆಟ್ಟಿಗೆ, ಅದರೊಳಗೆ ಒಂದು ದುಂಡನೆಯ ಕೊಳವೆ. ಕೊಳವೆ ಎತ್ತಿ ಖಾಲಿ ಎಂದು ತೋರಿಸುತ್ತೀರಿ, ಮತ್ತೆ ಇಳಿಸುತ್ತೀರಿ. ಚೌಕ ಎತ್ತಿ ಖಾಲಿ ಎಂದು ತೋರಿಸುತ್ತೀರಿ, ಮತ್ತೆ ಇಳಿಸುತ್ತೀರಿ. ಆಮೇಲೆ ಒಳಗಿನಿಂದ ರಾಶಿ ರಾಶಿ ಕರವಸ್ತ್ರ, ಹೂವು, ಹಾರ. ಕಾಣದೇ ಉಳಿಯುವ ಮೂರನೆಯ ವಸ್ತು ಕೊಳವೆಯೊಳಗಿನ ಕಪ್ಪು ಡಬ್ಬಿ. ಕೊಳವೆ ಎತ್ತಿದಾಗ ಡಬ್ಬಿ ಜಾಲಂದ್ರದ ಹಿಂದೆಯೇ ನಿಂತಿರುತ್ತದೆ. ಚೌಕದ ಒಳಮೈ ಕಪ್ಪು, ಡಬ್ಬಿಯ ಹೊರಮೈಯೂ ಕಪ್ಪು. ಕಿಟಕಿಯಲ್ಲಿ ನೋಡಿದವರಿಗೆ ಕಾಣುವುದು ಖಾಲಿ ಕತ್ತಲೆ.

ಅಳತೆ ಹೀಗಿಟ್ಟುಕೊಳ್ಳಿ. ಕಪ್ಪು ಡಬ್ಬಿಯ ಅಡ್ಡಳತೆ 6 ಇಂಚು, ಎತ್ತರ 9½ ಇಂಚು. ಚೌಕದ ಒಳ ಅಗಲ 8 ಇಂಚು, ಎತ್ತರ 10 ಇಂಚು. ಕೊಳವೆಯ ಅಡ್ಡಳತೆ 7 ಇಂಚು, ಎತ್ತರ 11 ಇಂಚು. ಡಬ್ಬಿ ಎಲ್ಲಕ್ಕಿಂತ ಗಿಡ್ಡ ಇರಬೇಕು, ಇಲ್ಲದಿದ್ದರೆ ಅಂಚಿನ ಮೇಲೆ ಇಣುಕುತ್ತದೆ. ಕೊಳವೆ ಎಲ್ಲಕ್ಕಿಂತ ಎತ್ತರ ಇರಬೇಕು, ಆಗ ಮೇಲಿನಿಂದ ಬೆರಳಲ್ಲಿ ಹಿಡಿದು ಎತ್ತಲು ಸಲೀಸು. ಡಬ್ಬಿಗೂ ಕೊಳವೆಗೂ ನಡುವೆ ಸುತ್ತ ಅರ್ಧ ಇಂಚು ಬಿಟ್ಟರೆ ಎತ್ತುವಾಗ ಒಂದಕ್ಕೊಂದು ತಾಗುವುದಿಲ್ಲ. ಕೊಳವೆಗೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಸಾಕು: 7 ಇಂಚು ಅಡ್ಡಳತೆಗೆ ಸುತ್ತಳತೆ 22 ಇಂಚು, ಅಂಚು ಮೇಲೆ ಕೂರಲು ಮುಕ್ಕಾಲು ಇಂಚು ಸೇರಿಸಿ 22¾ ಇಂಚು ಕತ್ತರಿಸಿ.

ಇನ್ನು ಇದರ ಜೀವ ಇರುವುದು ಜಾಲಂದ್ರದಲ್ಲಿ. ಕಂಬಿಗಳಿಗೆ ಕಡುಹಳದಿ ಅಥವಾ ಬಂಗಾರದ ಬಣ್ಣ ಹಚ್ಚಿ. ಹೊಳೆಯುವ ಕಂಬಿಯ ಮೇಲೆ ನಿಂತ ಕಣ್ಣಿಗೆ ಅದರ ಹಿಂದಿನ ಕಪ್ಪು ಇನ್ನೂ ಕಪ್ಪಾಗಿ ಕಾಣುತ್ತದೆ. ಕಂಬಿಗಳ ನಡುವಿನ ಕಿಂಡಿ ಒಂದೂವರೆ ಇಂಚು ಮೀರದಿರಲಿ. ತೀರ ಕಿರಿದಾದರೆ ಏನೋ ಮರೆಮಾಡಿದ್ದಾರೆ ಎನ್ನಿಸುತ್ತದೆ, ತೀರ ಅಗಲವಾದರೆ ಡಬ್ಬಿಯ ದುಂಡು ಅಂಚಿನ ಮೇಲೆ ಬೆಳಕು ಬಿದ್ದು ಗುಟ್ಟು ರಟ್ಟು. ಚಿತ್ತಾರವೆಲ್ಲ ಕಂಬಿ ಮತ್ತು ಚೌಕದ ಹೊರಮೈಗೆ ಮಾತ್ರ. ಕೊಳವೆಗೆ ಒಂದೇ ಗಾಢ ಬಣ್ಣ ಸಾಕು, ಕೆಂಪಾದರೆ ಚೆನ್ನ.

4. ಕಪ್ಪು ಎಂದರೆ ಎಲ್ಲ ಕಪ್ಪೂ ಒಂದೇ ಅಲ್ಲ

ಗೇಟಿಗೆ ಬಳಿಯುವ ಎನಾಮಲ್ ಕಪ್ಪು ಪೆಟ್ಟಿಗೆಯ ಒಳಗೆ ಬರಲೇಬಾರದು. ಅದು ಬೆಳಕನ್ನು ಕನ್ನಡಿಯಂತೆ ವಾಪಸ್ ಕಳಿಸುತ್ತದೆ. ಶಾಲೆಯ ಕರಿಹಲಗೆಗೆ ಹಚ್ಚುವ ಬ್ಲ್ಯಾಕ್‌ಬೋರ್ಡ್ ಪೇಂಟ್ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ, ಅದಕ್ಕೆ ಹೊಳಪಿಲ್ಲ. ಬ್ರಷ್ಷಿಗಿಂತ ಸಣ್ಣ ರೋಲರ್ ವಾಸಿ; ಬ್ರಷ್ಷಿನ ಗೀರುಗಳು ಪಕ್ಕದ ಬೆಳಕಿಗೆ ಎದ್ದು ಕಾಣುತ್ತವೆ. ದಪ್ಪನೆಯ ಒಂದು ಕೋಟಿಗಿಂತ ತೆಳುವಾದ ಎರಡು ಕೋಟು ಹಚ್ಚಿ, ನಡುವೆ ಒಣಗಲು ಬಿಟ್ಟು ನವಿರಾದ ಉಪ್ಪುಕಾಗದದಲ್ಲಿ ತಿಕ್ಕಿ.

ಬಣ್ಣಕ್ಕಿಂತ ಕಡುಕಪ್ಪು ಬೇಕಾದರೆ ಮಖಮಲ್ಲು. ಅದರ ನಿಂತ ಎಳೆಗಳ ನಡುವೆ ಹೊಕ್ಕ ಬೆಳಕು ಹೊರಗೆ ಬರುವುದು ಕಡಿಮೆ. 1880ರ ದಶಕದಲ್ಲಿ ಜರ್ಮನಿಯ ಮ್ಯಾಕ್ಸ್ ಆಜಿಂಗರ್ ಕಪ್ಪು ಬಟ್ಟೆಯ ಮುಂದೆ ಕಪ್ಪು ಬಟ್ಟೆ ಕಾಣದು ಎಂಬ ಒಂದೇ ಸಂಗತಿಯ ಮೇಲೆ ಇಡೀ ಪ್ರದರ್ಶನವನ್ನೇ ಕಟ್ಟಿದ. ಕೊಳ್ಳುವಾಗ ಹೊಳೆಯುವ ಪಾಲಿಯೆಸ್ಟರ್ ವೆಲ್ವೆಟ್ ಬೇಡ, ಹತ್ತಿಯ ಮಖಮಲ್ಲು ಕೇಳಿ. ಬೆಂಗಳೂರಿನವರು ಚಿಕ್ಕಪೇಟೆ ಸುತ್ತಿದರೆ ಬಗೆಬಗೆಯದು ಸಿಗುತ್ತದೆ. ತುಣುಕನ್ನು ಅಂಗಡಿಯ ಹೊರಗೆ ತಂದು ಬಿಸಿಲಲ್ಲಿ ಹಿಡಿದು ನೋಡಿಯೇ ಮೀಟರ್ ಕತ್ತರಿಸಲು ಹೇಳಿ.

ಮಖಮಲ್ಲಿಗೆ ಒಂದು ದಿಕ್ಕಿದೆ, ದರ್ಜಿಗಳಿಗೆ ಇದು ಚೆನ್ನಾಗಿ ಗೊತ್ತು. ಕೈಯಿಂದ ಸವರಿದಾಗ ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಒರಟು. ಕೆಳಗಿನಿಂದ ಮೇಲಕ್ಕೆ ಸವರಿದಾಗ ನುಣುಪಾಗಿರುವಂತೆ ಅಂಟಿಸಿದರೆ ಬಣ್ಣ ಇನ್ನಷ್ಟು ಗಾಢವಾಗಿ ಕಾಣುತ್ತದೆ. ಎಲ್ಲ ತುಂಡುಗಳೂ ಒಂದೇ ದಿಕ್ಕಿಗಿರಬೇಕು. ಒಂದು ತುಂಡು ತಲೆಕೆಳಗಾದರೆ ಅದು ಬೂದಿಬಣ್ಣದ ಚೌಕವಾಗಿ ಎದ್ದು ನಿಲ್ಲುತ್ತದೆ.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಕೆಲವು ಸಿಂಥೆಟಿಕ್ ಕಪ್ಪು ಬಟ್ಟೆಗಳು ಹ್ಯಾಲೊಜೆನ್ ದೀಪದ ಅಡಿಯಲ್ಲಿ ಕಣ್ಣಿಗೆ ಕಪ್ಪಾಗಿಯೇ ಇದ್ದು, ಕ್ಯಾಮೆರಾದಲ್ಲಿ ಕಂದುಬಣ್ಣಕ್ಕೆ ತಿರುಗುತ್ತವೆ. ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಬಟ್ಟೆ ಹಿಂದಕ್ಕೆ ಎಸೆಯುವುದೂ ಕ್ಯಾಮೆರಾ ಅದನ್ನು ಹಿಡಿಯುವುದೂ ಇದಕ್ಕೆ ಕಾರಣ. ಆದ್ದರಿಂದ ಕಣ್ಣಲ್ಲಿ ಒಮ್ಮೆ, ಮೊಬೈಲ್ ವಿಡಿಯೊದಲ್ಲಿ ಒಮ್ಮೆ ಪರೀಕ್ಷೆ ಆಗಲಿ.

5. ದಪ್ಪವನ್ನು ಬಣ್ಣದಲ್ಲಿ ಕರಗಿಸಿ

ಜಾದೂ ಪೆಟ್ಟಿಗೆಗಳ ದೊಡ್ಡ ಗುಟ್ಟು ಹಲವು ಸಲ ಇಷ್ಟೇ: ಅದು ಕಾಣುವುದಕ್ಕಿಂತ ದಪ್ಪ. ಎರಡೂವರೆ ಇಂಚಿನ ಹಲಗೆ ಮುಕ್ಕಾಲು ಇಂಚಿನಂತೆ ಕಾಣಬೇಕು. ಮುಂದಿನ ಅಂಚನ್ನು ತೆಳುವಾಗಿ ಕೆತ್ತಿ, ಹಿಂದಕ್ಕೆ ಹೋಗುತ್ತಾ ಇಳಿಜಾರಾಗಿ ದಪ್ಪ ಮಾಡಿ. ಆ ಮುಂದಿನ ಅಂಚಿಗೆ ಮಾತ್ರ ಹೊಳೆಯುವ ಬಂಗಾರದ ಪಟ್ಟಿ. ಇಳಿಜಾರಿಗೆಲ್ಲ ಹೊಳಪಿಲ್ಲದ ಕಪ್ಪು. ಕಣ್ಣು ಬಂಗಾರದ ಪಟ್ಟಿಯನ್ನು ಅಳೆದು, ಹಲಗೆ ಅಷ್ಟೇ ಎಂದುಕೊಂಡು ಮುಂದೆ ಹೋಗುತ್ತದೆ. ಇದೇ ಇಳಿಜಾರಿಗೆ ಕೆಂಪು ಬಳಿದರೆ ಇಡೀ ದಪ್ಪ ಎದುರಿಗೆ ಬಂದು ನಿಲ್ಲುತ್ತದೆ. ಮರ ಒಂದೇ, ತಂತ್ರ ಒಂದೇ, ಕೆಲಸ ಕೆಡಿಸಿದ್ದು ಬಣ್ಣ.

6. ಸಂದು ಇರುವಲ್ಲಿ ಗೆರೆ ಬರಲಿ

ಗುಪ್ತ ಬಾಗಿಲಿನ ಸಂದನ್ನು ಪುಟ್ಟಿ ತುಂಬಿ ಮುಚ್ಚಲು ಹೋಗಬೇಡಿ. ಎರಡು ಸಲ ತೆರೆದರೆ ಪುಟ್ಟಿ ಉದುರುತ್ತದೆ. ಸಂದಿನ ಮೇಲೆ ಎರಡು ಬಣ್ಣ ಸೇರುವಂತೆ ಚಿತ್ತಾರ ಯೋಜಿಸಿ. ಚೌಕಳಿ, ಉದ್ದ ಪಟ್ಟೆ, ಇಳಕಲ್ ಸೀರೆಯ ಅಂಚಿನಂಥ ಸಾಲು, ಯಾವುದಾದರೂ ಆದೀತು. ಆದರೆ ಸುಳ್ಳು ಸಂದುಗಳೂ ಇರಲಿ: ನಿಜದ ಗೆರೆ ಒಂದಿದ್ದರೆ ಅಂಥದ್ದೇ ಗೆರೆ ಇನ್ನೂ ಏಳೆಂಟು ಬರೆಯಿರಿ. ಪಟ್ಟಿ ಅಂಟಿಸಿ ಬಣ್ಣ ಹೊಡೆಯುವಾಗ ಮಾಸ್ಕಿಂಗ್ ಟೇಪ್ ಬಳಸಿ, ಬಣ್ಣ ಪೂರ್ತಿ ಒಣಗುವ ಮೊದಲೇ ಟೇಪನ್ನು ಓರೆಯಾಗಿ ಎಳೆಯಿರಿ, ಅಂಚು ಚೂಪಾಗಿ ಬರುತ್ತದೆ.

7. 40 ಅಡಿ ದೂರಕ್ಕೆ ಬರೆಯಿರಿ

ಅರ್ಧ ಇಂಚಿಗಿಂತ ಸಣ್ಣ ಗೆರೆ ಹಿಂದಿನ ಸಾಲಿಗೆ ಸರಿಯಾಗಿ ಕಾಣದು. ಗುಬ್ಬಿ ಕಂಪನಿಯಂಥ ವೃತ್ತಿ ನಾಟಕ ಕಂಪನಿಗಳ ಪರದೆ ಬರೆಯುತ್ತಿದ್ದವರಿಗೆ ಈ ಲೆಕ್ಕ ಕರತಲಾಮಲಕ: ಹತ್ತಿರ ಹೋದರೆ ಒರಟು ಗೀಟು, ದೂರ ನಿಂತರೆ ಅರಮನೆ. ಯಕ್ಷಗಾನದ ಕಿರೀಟ, ಭುಜಕೀರ್ತಿ ನೋಡಿ. ಹಗುರ ಮರದ ಮೇಲೆ ಬೇಗಡೆ ಹಾಳೆ, ನಡುನಡುವೆ ಕನ್ನಡಿ ಚೂರು. ಹಗಲಲ್ಲಿ ಕೈಯಲ್ಲಿ ಹಿಡಿದರೆ ಸಾಮಾನ್ಯ. ರಾತ್ರಿ ದೀಪದ ಮುಂದೆ ಅದು ಚಿನ್ನ. ನಮ್ಮ ಜಾದೂ ಸಲಕರಣೆಗೆ ಬೇಕಾದದ್ದೂ ಅದೇ ಬಗೆಯ ಕೆಲಸ. ಬೇಗಡೆ ಹಗುರ, ಅಗ್ಗ, ಅಂಟಿಸಲು ಸುಲಭ. ಅಂಚಿನಲ್ಲಿ ಏಳದಂತೆ ಮೇಲೆ ಪಾರದರ್ಶಕ ವಾರ್ನಿಷ್ ಒಂದು ಕೋಟು ಎಳೆಯಿರಿ. ಗುಟ್ಟು ಅಡಗಿರುವ ಮೂಲೆಯ ಹತ್ತಿರ ಮಾತ್ರ ಮಿಂಚು ಸುಳಿಯದಿರಲಿ.

8. ಡ್ರ್ಯಾಗನ್ ಬಿಡಿ

ಓಕಿಟೊ ಎಂದು ಹೆಸರಾದ ಥಿಯೊ ಬ್ಯಾಂಬರ್ಗ್ (1875–1963) ಚೀನೀ ವೇಷದಲ್ಲಿ ಆಡುತ್ತಿದ್ದ ಡಚ್ ಜಾದೂಗಾರ. ಅವನು ಕೈಯಾರೆ ಮಾಡಿದ ಸಲಕರಣೆಗಳು ಎಷ್ಟು ಚೆಂದವೆಂದರೆ ಇವತ್ತಿಗೂ ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ಅವನ ವೇಷಕ್ಕೆ ಅವನ ಚೀನೀ ಚಿತ್ತಾರ ಹೊಂದುತ್ತಿತ್ತು. ಅದೇ ಡ್ರ್ಯಾಗನ್ನು ನಮ್ಮ ಮಾರುಕಟ್ಟೆಯ ತಗಡಿನ ಡಬ್ಬಿಗಳ ಮೇಲೆ ಇನ್ನೂ ಹರಿದಾಡುತ್ತಿರುವುದಕ್ಕೆ ಯಾವ ಕಾರಣವೂ ನನಗೆ ಕಾಣುವುದಿಲ್ಲ. ಪಿ.ಸಿ. ಸರ್ಕಾರ್ ತಮ್ಮ ‘ಇಂದ್ರಜಾಲ’ವನ್ನು ಜಗತ್ತಿಗೆಲ್ಲ ಹೊತ್ತೊಯ್ದದ್ದು ಮಹಾರಾಜನ ಉಡುಪಿನಲ್ಲಿ, ನಮ್ಮದೇ ವೈಭವದ ರಂಗಸಜ್ಜಿಕೆಯಲ್ಲಿ.

ನಮ್ಮಲ್ಲಿ ಏನು ಕಡಿಮೆ? ಕಸೂತಿಯ ಗೋಪುರ, ತೇರು, ಆನೆ ಎಲ್ಲವೂ ನೇರ ಗೆರೆಗಳಲ್ಲೇ ಮೂಡುವಂಥವು. ಸಂದು ಮುಚ್ಚಲು ಹೇಳಿ ಮಾಡಿಸಿದಂತಿವೆ. ಚಿತ್ತಾರ ಕಲೆಯ ಬಿಳಿ ಗೆರೆಗಳು ಕೆಮ್ಮಣ್ಣಿನ ಬಣ್ಣದ ಮೇಲೆ ದೂರಕ್ಕೂ ಕಾಣುತ್ತವೆ. ದುಂಡನೆಯ ಮರದ ಸಲಕರಣೆ, ಅಂದರೆ ಚೆಂಡು ಮಾಯವಾಗುವ ಬಟ್ಟಲು, ಮಂತ್ರದಂಡ, ಬೇಕಾದರೆ ಚನ್ನಪಟ್ಟಣದ ಕುಶಲಕರ್ಮಿಗಳ ಲೇತ್ ಇದೆ. ಅಲ್ಲಿ ಆಲೆ ಮರವನ್ನು ತಿರುಗಿಸುತ್ತಲೇ ಬಣ್ಣದ ಅರಗು ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ಗರಿ ಹಿಡಿದು ಹೊಳಪು ಕೊಡುತ್ತಾರೆ. ಅರಗಿನ ಬಣ್ಣದ ಉಂಗುರಗಳು ಬಟ್ಟಲಿನ ಎರಡು ಭಾಗ ಸೇರುವ ಗೆರೆಯನ್ನು ತಾವಾಗಿಯೇ ನುಂಗಿಬಿಡುತ್ತವೆ. ಉಂಗುರ ಎಲ್ಲಿ ಬರಬೇಕೆಂದು ಅಳತೆ ಬರೆದುಕೊಟ್ಟರೆ ಸಾಕು.

9. ಕೆಲವೊಮ್ಮೆ ಅಲಂಕಾರವೇ ಬೇಡ

ಮನೆಯ ವಸ್ತುವಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಫ್ರಾನ್ಸಿನ ರಾಬರ್ಟ್ ಹೂಡಿನ್ 1856ರಲ್ಲಿ ಅಲ್ಜೀರಿಯಾದಲ್ಲಿ ಗಟ್ಟಿಮುಟ್ಟಾದ ಆಳು ಎತ್ತಲಾರದಂತೆ ಮಾಡಿದ್ದು ಕೈಯಲ್ಲಿ ಹಿಡಿಯುವಷ್ಟು ಸಣ್ಣ ಪೆಟ್ಟಿಗೆ; ವಿದ್ಯುದಯಸ್ಕಾಂತ ಇದ್ದದ್ದು ವೇದಿಕೆಯ ಕೆಳಗೆ. ಎಷ್ಟು ಸುರಿದರೂ ಮತ್ತೆ ನೀರು ತುಂಬುವ ಸರ್ಕಾರರ ‘ವಾಟರ್ ಆಫ್ ಇಂಡಿಯಾ’ ತಂಬಿಗೆ ಕೂಡ ನೋಡಲು ತಂಬಿಗೆಯೇ. ಅಂಥ ತಂಬಿಗೆಗೆ ಎರಡು ಗೋಡೆ, ನಡುವೆ ನೀರು. ಕತ್ತಿನ ಬಳಿಯ ಸಣ್ಣ ರಂಧ್ರವನ್ನು ಬೆರಳು ಮುಚ್ಚಿದರೆ ಒಳಕ್ಕೆ ಗಾಳಿ ಹೋಗದೆ ನೀರು ನಿಲ್ಲುತ್ತದೆ, ಬೆರಳು ತೆಗೆದರೆ ಇಳಿಯುತ್ತದೆ. ಇದಕ್ಕೆ ಚಿತ್ತಾರ ಬರೆದರೆ ಕೆಟ್ಟಿತು. ಹುಣಸೆಹಣ್ಣು ಹಚ್ಚಿ ಬೆಳಗಿ, ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಇನ್ನೂ ಒಳ್ಳೆಯದು.

10. ಸಾಮಾನು ಹಗುರ ಇರಲಿ, ಬಸ್ಸಿಗೆ ಹತ್ತಲಿ

ಎಂಡಿಎಫ್ ನುಣುಪು, ಆದರೆ ಭಾರ. ಮಳೆಗಾಲದ ಕರಾವಳಿಯಲ್ಲಿ ಅಂಚು ಉಬ್ಬುತ್ತದೆ. ಆಳು ಕೂರುವ ಪೆಟ್ಟಿಗೆಗೆ 12 ಮಿ.ಮೀ. ಪ್ಲೈವುಡ್ ಮತ್ತು ಮೂಲೆಗೆ ರೀಪರ್, ಮೇಜಿನ ಮೇಲಿನದಕ್ಕೆ 4 ಅಥವಾ 6 ಮಿ.ಮೀ., ಬರೀ ಮರೆಗೆ ಸನ್‌ಬೋರ್ಡ್. ಜಾರುವ ಬಾಗಿಲಿಗೆ ಎರಡು ಮಿ.ಮೀ. ಸಡಿಲ ಬಿಡಿ, ಬಣ್ಣದ ಎರಡು ಕೋಟು ಮತ್ತು ಆಷಾಢದ ತೇವ ಆ ಜಾಗವನ್ನು ತಿನ್ನುತ್ತವೆ. ದೊಡ್ಡದನ್ನೆಲ್ಲ ಕೀಲು ಮತ್ತು ರೆಕ್ಕೆ ನಟ್ಟಿನಲ್ಲಿ ಬಿಚ್ಚಿ ಮಡಿಸುವಂತೆ ಮಾಡಿ.

11. ಸದ್ದು ಕೇಳಿಸಿಕೊಳ್ಳಿ

ಮರಕ್ಕೆ ಮರ ತಾಗುವಲ್ಲೆಲ್ಲ ಫೆಲ್ಟ್ ಬಟ್ಟೆ ಅಂಟಿಸಿ. ಕೀಲಿಗೆ ಹೊಲಿಗೆ ಮಿಷನ್ನಿನ ಎಣ್ಣೆ ಎರಡು ಹನಿ. ಅಯಸ್ಕಾಂತ ‘ಟಕ್’ ಎನ್ನದಂತೆ ಮೇಲೊಂದು ಪದರ ಬಟ್ಟೆ. ಕಣ್ಣು ಮುಚ್ಚಿ ಒಬ್ಬರನ್ನು ಕೂರಿಸಿ ಆಟವಿಡೀ ಮಾಡಿ, ಎಲ್ಲಿ ಸದ್ದಾಯಿತು ಎಂದು ಅವರು ಹೇಳಲಿ.

12. ಜೀವಕ್ಕೆ ಸಂಬಂಧಿಸಿದ್ದರಲ್ಲಿ ರಾಜಿ ಇಲ್ಲ

ಚುಂಗ್ ಲಿಂಗ್ ಸೂ ಎಂಬ ಹೆಸರಿನಲ್ಲಿ ಆಡುತ್ತಿದ್ದ ಅಮೆರಿಕದ ವಿಲಿಯಂ ರಾಬಿನ್ಸನ್ 1918ರ ಮಾರ್ಚ್‌ನಲ್ಲಿ ಲಂಡನ್ನಿನ ವುಡ್ ಗ್ರೀನ್ ಎಂಪೈರ್ ರಂಗದ ಮೇಲೆ ಗುಂಡು ತಗುಲಿ ಮರುದಿನ ತೀರಿಕೊಂಡರು. ವರ್ಷಗಟ್ಟಲೆ ಬಳಸಿದ ತಂತ್ರದ ಬಂದೂಕು ಸವೆದು, ಸಿಡಿಯಬಾರದ ನಳಿಕೆ ಸಿಡಿದಿತ್ತು. ಬಂದೂಕು, ಬೆಂಕಿ, ಸೀಮೆಎಣ್ಣೆ, ತಿರುಗುವ ಗರಗಸ, ಇವನ್ನು ಮನೆಯಲ್ಲಿ ಮಾಡುವುದೇ ಬೇಡ, ಎಷ್ಟೇ ಕೈ ಪಳಗಿದ್ದರೂ.

ಆಳು ಕೂರುವ ಪೆಟ್ಟಿಗೆಗೆ ಹಿಂಬದಿಯಲ್ಲಿ ಗಾಳಿಗಿಂಡಿ, ಒಳಗಿನಿಂದ ತೆರೆಯುವ ಚಿಲಕ, ಎರಡೂ ಕಡ್ಡಾಯ. ಬಣ್ಣ, ಅಂಟಿನ ವಾಸನೆ ಪೂರ್ತಿ ಹೋಗುವವರೆಗೆ ಯಾರನ್ನೂ ಒಳಗೆ ಕೂರಿಸಬೇಡಿ. ಗಾಜಿನ ಕನ್ನಡಿಯ ಹಿಂದೆ ಪೂರ್ತಿ ಅಂಟುಹಾಳೆ ಹೊದಿಸಿ, ಒಡೆದರೂ ಚೂರು ಚೆಲ್ಲುವುದಿಲ್ಲ. ಗುಂಡಿಯಷ್ಟು ಸಣ್ಣ ನಿಯೋಡಿಮಿಯಂ ಅಯಸ್ಕಾಂತಗಳನ್ನು ಮಕ್ಕಳ ಕೈಗೆ ಎಟುಕದಂತೆ ಬೀಗ ಹಾಕಿಡಿ; ಎರಡು ನುಂಗಿದರೆ ಅವು ಕರುಳಿನ ಗೋಡೆಯನ್ನು ನಡುವೆ ಹಿಡಿದು ತೂತು ಮಾಡಬಲ್ಲವು, ತಕ್ಷಣ ಆಸ್ಪತ್ರೆಗೆ ಓಡಬೇಕು.

ಪಾರಿವಾಳ, ಮೊಲ ಇಡುವ ಪೆಟ್ಟಿಗೆಯ ಯೋಚನೆ ಬಿಟ್ಟುಬಿಡಿ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಮತ್ತು 2001ರ ಪ್ರದರ್ಶನ ಪ್ರಾಣಿಗಳ ನೋಂದಣಿ ನಿಯಮಗಳ ಪ್ರಕಾರ ಪ್ರಾಣಿಯನ್ನು ವೇದಿಕೆಗೆ ತರಲು ನೋಂದಣಿ ಬೇಕು. ನಮ್ಮ ಗಿಳಿಗಳಿಗಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಇಕ್ಕಟ್ಟಿನ ಕತ್ತಲಲ್ಲಿ ಹಕ್ಕಿ ಅನುಭವಿಸುವ ಸಂಕಟ ಯಾವ ಚಪ್ಪಾಳೆಗೂ ಸಮವಲ್ಲ. ತೆಳ್ಳನೆಯ ರೇಷ್ಮೆ ಕರವಸ್ತ್ರ ಒತ್ತಿದರೆ ಮುಷ್ಟಿಯಷ್ಟು, ಬಿಟ್ಟರೆ ಮೇಜಿನ ತುಂಬ. ರೇಷ್ಮೆಯ ನಾಡಿನವರಿಗೆ ಅದು ಸಾಲದೇ?

13. ಆಚಾರಿಗೆ ಕೆಲಸ ಕೊಡುವಾಗ

ನಿಮಗೆ ಗರಗಸ ಒಗ್ಗದಿದ್ದರೆ ಬಡಗಿಯಿಂದಲೇ ಮಾಡಿಸಿ. ಪೂರ್ತಿ ಪೆಟ್ಟಿಗೆ ಒಬ್ಬರಿಗೇ ಕೊಡದೆ ಹಲಗೆಗಳನ್ನು ಬಿಡಿಬಿಡಿಯಾಗಿ ಅಳತೆ ಬರೆದು ಕುಯ್ಯಿಸಿ, ಕೀಲು ಕೂರಿಸುವ ಕೆಲಸ ಮನೆಯಲ್ಲಿ ನೀವೇ ಮಾಡಿ. ಒಳ್ಳೆಯ ಆಚಾರಿ ನಿಮ್ಮ ಅಳತೆ ನೋಡಿಯೇ ಅರ್ಧ ಊಹಿಸಿಬಿಡುತ್ತಾರೆ. ಅಂಥವರನ್ನು ವಿಶ್ವಾಸಕ್ಕೆ ತೆಗೆದುಕೊಳ್ಳುವುದೇ ಲೇಸು. ಕೀಲು ಒಳಗೆ ಹುದುಗಿಸುವುದು ಹೇಗೆ ಎಂಬಂಥ ಸೂಕ್ಷ್ಮ ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ. ಮಜೂರಿಯಲ್ಲಿ ಚೌಕಾಸಿ ಬೇಡ.

14. ಪ್ರದರ್ಶನದ ದಿನ

ಜತೆಗೊಂದು ಸಣ್ಣ ಡಬ್ಬಿ ಇರಲಿ: ಕಪ್ಪು ಬಣ್ಣ, ಸಣ್ಣ ಬ್ರಷ್ಷು, ಕಪ್ಪು ಬಟ್ಟೆಯ ಟೇಪು, ಸ್ಕ್ರೂಡ್ರೈವರ್, ಎರಡು ಹೆಚ್ಚುವರಿ ಕೀಲು, ಸೂಜಿ ದಾರ, ಮೆತ್ತನೆಯ ಬಟ್ಟೆ. ಕನ್ನಡಿಯ ಮೇಲಿನ ಬೆರಳಚ್ಚು ಒರೆಸಿ. ಮಖಮಲ್ಲಿನ ಮೇಲೆ ಕೂತ ಬಿಳಿ ಎಳೆಗಳನ್ನು ಸೆಲೊಟೇಪಿನ ಅಂಟುಮೈ ಒತ್ತಿ ತೆಗೆಯಿರಿ. ದೀಪದವರನ್ನು ಕಂಡು ಪೆಟ್ಟಿಗೆಯ ಹಿಂದಿನಿಂದಾಗಲಿ ನೆತ್ತಿಯಿಂದಾಗಲಿ ಬೆಳಕು ಬೀಳದಂತೆ ಕೇಳಿಕೊಳ್ಳಿ. ಪರದೆ ಏಳುವ ಮೊದಲು ಸಹಾಯಕರನ್ನು ನಿಮ್ಮ ಜಾಗದಲ್ಲಿ ನಿಲ್ಲಿಸಿ, ನೀವು ಕೆಳಗಿಳಿದು ಎಡದ ಕೊನೆಯ ಕುರ್ಚಿ, ಬಲದ ಕೊನೆಯ ಕುರ್ಚಿ, ಮುಂದಿನ ಸಾಲಿನ ನಡುವಿನ ಕುರ್ಚಿ, ಮೂರರಲ್ಲೂ ಕುಳಿತು ನೋಡಿ. ಎಲ್ಲಾದರೂ ಅಂಚು ಮಿನುಗಿದರೆ ಕಪ್ಪು ಟೇಪು ಕೈಯಲ್ಲೇ ಇರುತ್ತದೆ.